ವಸ್ತಿ ಬಸ್ಸಿನ ಕ್ಲೈಮ್ಯಾಕ್ಸ್

ಈಗಿನ ಟ್ರೇಲರುಗಳಿಗೆ ನಾಚಿಕೆ ಎಂಬುದೇ ಇಲ್ಲ. ಎರಡೂವರೆ ನಿಮಿಷದೊಳಗೆ ಹುಡುಗ ಹುಡುಗಿಯನ್ನು ನೋಡುತ್ತಾನೆ, ಅವಳಪ್ಪ ಮಚ್ಚು ಹಿಡಿಯುತ್ತಾನೆ, ಹುಡುಗ ಜೈಲಿಗೆ ಹೋಗಿ ಗಡ್ಡ ಬಿಟ್ಟುಕೊಂಡು ಹೊರಗೆ ಬರುತ್ತಾನೆ, ಅಷ್ಟರಲ್ಲಿ ಅವನ ತಾಯಿ ಸತ್ತೂ ಹೋಗಿರುತ್ತಾಳೆ. ಇಷ್ಟೆಲ್ಲ ತೋರಿಸಿದ ಮೇಲೆ ‘ನಿಮ್ಮ ಹತ್ತಿರದ ಚಿತ್ರಮಂದಿರದಲ್ಲಿ ನೋಡಿ’ ಎಂದು ಬರೆಯುತ್ತಾರೆ. ಅಲ್ಲಿಗೆ ಹೋಗಿ ಇನ್ನೇನು ನೋಡಬೇಕು, ಆ ತಾಯಿಯ ದಿವಸದ ಊಟವನ್ನೇ?

ಮೊನ್ನೆ ಇಂಥದೇ ಒಂದನ್ನು ನೋಡಿ ಈ ಮಾತನ್ನು ನಮ್ಮ ತವರುಮನೆಯ ವಾಟ್ಸಾಪ್ ಗ್ರೂಪಿಗೆ ಕಳಿಸಿದೆ. ಬರೆಯುವ ತಾಳ್ಮೆ ನನಗಿಲ್ಲ. ಮೈಕಿನ ಗುರುತನ್ನು ಒತ್ತಿ ಹಿಡಿದುಕೊಂಡು ಮಾತಾಡಿಬಿಡುತ್ತೇನೆ. ಗ್ರೂಪಿನಲ್ಲಿ ಕಾಕನ ಮಕ್ಕಳು, ಅವರ ಸೊಸೆಯರು, ಮೊಮ್ಮಕ್ಕಳು ಎಲ್ಲ ಇದ್ದಾರೆ. ಕೆಲವರು ನಗುವ ಮುಖ ಹಾಕುತ್ತಾರೆ, ಕೆಲವರು ಕೈ ಮುಗಿಯುತ್ತಾರೆ. ‘ದೇವಕ್ಕನ ಟಾಕೀಸು ಶುರುವಾತು’ ಎಂದು ಕಾಕನ ಮಗನೊಬ್ಬ ಪ್ರತಿ ಸಲ ಬರೆಯುತ್ತಾನೆ. ಬರೆಯಲಿ, ನನ್ನ ಗಂಟೇನು ಹೋಗುತ್ತದೆ?

ದೇವಕ್ಕ ಎಂದರೆ ನಾನೇ. ಬನವಾಸಿಯ ಪೇಟೆಯಲ್ಲಿ ನಮ್ಮದೊಂದು ಕಿರಾಣಿ ಅಂಗಡಿಯಿದೆ, ಅದರ ಹಿಂದೆಯೇ ಮನೆ. ಮಧ್ಯಾಹ್ನ ಗಿರಾಕಿ ಕಡಿಮೆಯಾದ ಮೇಲೆ ನನ್ನ ಗಂಡ ಬಸಪ್ಪನವರು ಗೋಣಿಚೀಲಕ್ಕೆ ಒರಗಿ ತೂಕಡಿಸುತ್ತಾರೆ. ಆಗ ನಾನೂ ನನ್ನ ಸೊಸೆ ಸ್ಫೂರ್ತಿಯೂ ಎಣ್ಣೆ ಡಬ್ಬಕ್ಕೆ ಫೋನು ಆನಿಸಿಟ್ಟುಕೊಂಡು ಹೊಸ ಟ್ರೇಲರುಗಳನ್ನು ನೋಡುತ್ತೇವೆ. ಬರೀ ಬೈಯುವುದಕ್ಕೆ ನೋಡುತ್ತೇನೆ ಎಂದುಕೊಳ್ಳಬೇಡಿ. ಹೋದ ತಿಂಗಳು ಒಂದು ಸಣ್ಣ ಸಿನಿಮಾದ್ದು ಬಂದಿತ್ತು. ಒಬ್ಬ ಹುಡುಗಿ ತೂತು ಬಿದ್ದ ಕೊಡೆ ಹಿಡಿದು ಬಸ್ಸಿಗೆ ಕಾಯುತ್ತಾಳೆ, ಬಸ್ಸು ಬರುವುದಿಲ್ಲ, ಅಷ್ಟೇ. ಹಾಡಿಲ್ಲ, ಕುಣಿತವಿಲ್ಲ. ಅದನ್ನು ನೋಡಿ ನನ್ನ ಕರುಳು ಚುರುಕ್ ಎಂದಿತು. ಅವತ್ತು ಗ್ರೂಪಿಗೆ ‘ಈ ಸಿನಿಮಾ ಮಾಡಿದಾವ ಯಾವನೋ ಬಸ್ಸಿಗೆ ಕಾದ ಮನಿಶ್ಯಾ, ಅವಂಗ ಛಲೋ ಆಗ್ಲಿ’ ಎಂದು ಹೇಳಿ ಕಳಿಸಿದೆ.

ನನ್ನದೊಂದು ನೇಮವಿದೆ. ಯಾವ ಟ್ರೇಲರನ್ನೂ ಕೊನೆಯವರೆಗೆ ನೋಡುವುದಿಲ್ಲ. ಕೊನೆಯ ಅರ್ಧ ನಿಮಿಷ ಇರುವಾಗ ಹೆಬ್ಬೆರಳು ಹಾಕಿ ನಿಲ್ಲಿಸಿಬಿಡುತ್ತೇನೆ. ಸ್ಫೂರ್ತಿಗೆ ಮೊದಮೊದಲು ಸಿಟ್ಟು ಬರುತ್ತಿತ್ತು. ‘ಅತ್ತಿ, ಊಟಕ್ಕ ಕುಂತು ಮಜ್ಜಿಗಿ ಅನ್ನ ಉಣ್ಣದ ಎದ್ಹಂಗ ಆತಿದು’ ಎನ್ನುತ್ತಿದ್ದಳು. ಅದಕ್ಕೆ ಅವಳಿಗೆ ವಸ್ತಿ ಬಸ್ಸಿನ ಕತೆ ಹೇಳಬೇಕಾಯಿತು.

ನನ್ನ ತವರೂ ಬನವಾಸಿಯೇ. ನಾವು ಹುಡುಗಿಯರಾಗಿದ್ದಾಗ ಸಿನಿಮಾ ಎಂದರೆ ಸಿರಸಿ. ಮ್ಯಾಟ್ನಿ ಮೂರಕ್ಕೆ ಎಂದು ಬೋರ್ಡಿನ ಮೇಲಿರುತ್ತಿತ್ತು. ಸರಕಾರದ ಸುದ್ದಿಚಿತ್ರ ಮುಗಿದು, ಹಲ್ಲುಪುಡಿಯ ಜಾಹೀರಾತು ಮುಗಿದು, ನಿಜವಾದ ಸಿನಿಮಾ ಶುರುವಾಗುವಷ್ಟರಲ್ಲಿ ಮೂರೂವರೆ ದಾಟುತ್ತಿತ್ತು. ಬನವಾಸಿಯ ವಸ್ತಿ ಬಸ್ಸು ಬಿಡುತ್ತಿದ್ದದ್ದು ಆರಕ್ಕೆ. ರಾತ್ರಿ ನಮ್ಮೂರಲ್ಲೇ ತಂಗಿ ಬೆಳಿಗ್ಗೆ ಸಿರಸಿಗೆ ವಾಪಸಾಗುವ ಬಸ್ಸು ಅದು. ಅದು ತಪ್ಪಿದರೆ ಮುಗಿಯಿತು, ಮತ್ತೆ ಬಸ್ಸಿಲ್ಲ. ಹಾಗಾಗಿ ಸಿನಿಮಾ ಒಳ್ಳೆಯ ಘಟ್ಟಕ್ಕೆ ಬಂದಾಗಲೇ ಬನವಾಸಿಯವರೆಲ್ಲ ಚೀಲ ಹಿಡಿದು, ಚಪ್ಪಲಿ ಹುಡುಕಿಕೊಂಡು, ದಡದಡ ಎದ್ದು ಓಡಬೇಕು. ಸಿರಸಿಯವರು ‘ಬನವಾಸಿ ಎದ್ದಿತು, ಇನ್ನು ಕ್ಲೈಮ್ಯಾಕ್ಸ್ ಬಂತು’ ಎಂದು ನಗುತ್ತಿದ್ದರು. ಅದಕ್ಕೇ ನಾವು ಯಾವಾಗಲೂ ಬಾಗಿಲ ಹತ್ತಿರದ ಸಾಲಿನಲ್ಲಿ, ಓಡಾಡುವ ದಾರಿಯ ಅಂಚಿನ ಕುರ್ಚಿಯಲ್ಲೇ ಕೂರುತ್ತಿದ್ದದ್ದು.

ಬಸ್ಸಿನ ಕಂಡಕ್ಟರು ಕೆರಿಯಪ್ಪಣ್ಣ. ಸಿದ್ದಾಪುರ ತಾಲ್ಲೂಕಿನ ನಿಲ್ಕುಂದದವನು. ಪಾಪ, ಅವನಿಗೆ ದಿನವೂ ಡ್ಯೂಟಿ, ಸಿನಿಮಾ ನೋಡಿದ್ದೇ ಕಡಿಮೆ. ಟಿಕೆಟ್ ಹರಿದು ಕೊಟ್ಟು ಮುಗಿಸಿ, ಚರ್ಮದ ಚೀಲವನ್ನು ಹೆಗಲಿಗೆ ಸರಿಪಡಿಸಿಕೊಂಡು, ನಡುವಿನ ಕಂಬಿಗೆ ಒರಗಿ ನಿಂತು ‘ಹೂಂ, ಎಲ್ಲೀವರೆಗೆ ನೋಡ್ಕಂಡು ಬಂದ್ರಿ? ಹೇಳಿ ಕಾಂಬ’ ಎನ್ನುತ್ತಿದ್ದ. ಅಲ್ಲಿಂದ ಶುರು. ಹೀರೋ ಸಾಯುತ್ತಾನೆ ಎಂದು ಒಬ್ಬರು, ಸಾಯುವುದಿಲ್ಲ ಎಂದು ಇನ್ನೊಬ್ಬರು. ಸಂತೆ ಮುಗಿಸಿ ಬಂದು ಹತ್ತಿದ ಮುದುಕಿಯರೂ ಸಿನಿಮಾವನ್ನೇ ನೋಡದೆ ವಾದಕ್ಕೆ ಇಳಿಯುತ್ತಿದ್ದರು. ಎಲ್ಲರ ಮಾತು ಕೇಳಿ ಕೆರಿಯಪ್ಪಣ್ಣ ತೀರ್ಪು ಕೊಡುತ್ತಿದ್ದ. ಬಸ್ಸು ಬನವಾಸಿ ಮುಟ್ಟುವುದರೊಳಗೆ ಕ್ಲೈಮ್ಯಾಕ್ಸ್ ತಯಾರಾಗಿರುತ್ತಿತ್ತು. ಊರಲ್ಲಿ ಕೇಳಿದವರಿಗೆಲ್ಲ ಅದನ್ನೇ ಹೇಳುತ್ತಿದ್ದೆವು. ಮುಂದೆ ಟೀವಿ ಬಂದ ಮೇಲೆ ಆ ಹಳೆಯ ಸಿನಿಮಾಗಳ ನಿಜವಾದ ಕೊನೆಗಳನ್ನು ನೋಡಿ ನನ್ನ ಹೊಟ್ಟೆ ಉರಿಯಿತು. ನಮ್ಮ ಬಸ್ಸಿನಲ್ಲಿ ಮದುವೆಯಾಗಿ ಸುಖವಾಗಿದ್ದವನನ್ನು ಅವರು ಗುಂಡು ಹೊಡೆದು ಕೊಂದಿದ್ದರು. ಕೆರಿಯಪ್ಪಣ್ಣನಿಗಿದ್ದ ಬುದ್ಧಿ ಆ ಡೈರೆಕ್ಟರನಿಗೆ ಇರಲಿಲ್ಲ.

ನನ್ನ ಜೊತೆ ಸಿನಿಮಾಕ್ಕೆ ಬರುತ್ತಿದ್ದವಳು ನನ್ನ ಅಕ್ಕ ಪಾರ್ವತವ್ವ. ನನಗೆ ಪಾರಕ್ಕ. ಮೂರು ವರ್ಷಕ್ಕೆ ದೊಡ್ಡವಳು. ನನ್ನ ಚಪ್ಪಲಿಯನ್ನೂ ಅವಳೇ ಕತ್ತಲಲ್ಲಿ ಹುಡುಕಿ ಕೊಡುತ್ತಿದ್ದಳು. ಅವಳ ಮದುವೆ ಗೊತ್ತಾದ ವರ್ಷ ನಾವಿಬ್ಬರೂ ಕೊನೆಯದಾಗಿ ನೋಡಿದ ಸಿನಿಮಾ ‘ಹಿತ್ತಲ ಬಾಗಿಲು’.

ಅದು ಅಕ್ಕತಂಗಿಯರ ಕತೆಯೇ. ಇಬ್ಬರನ್ನೂ ಅಕ್ಕಪಕ್ಕದ ಮನೆಗೆ ಕೊಟ್ಟಿರುತ್ತಾರೆ. ಎರಡು ಹಿತ್ತಲಿನ ನಡುವಿನ ಗೋಡೆಯಲ್ಲಿ ಒಂದು ಬಾಗಿಲು. ಅದರಲ್ಲೇ ಅವರ ಬರುವುದು, ಹೋಗುವುದು, ಸಾರು ಕೊಡುವುದು, ಕೂದಲು ಬಾಚಿಕೊಳ್ಳುವುದು. ಆಮೇಲೆ ಜಗಳವಾಗುತ್ತದೆ, ಬಾಗಿಲು ಮುಚ್ಚುತ್ತದೆ, ಎರಡೂ ಕಡೆ ಚಿಲಕ ಬೀಳುತ್ತದೆ. ವರ್ಷಗಳು ಹೋಗುತ್ತವೆ. ಕೊನೆಗೊಂದು ದಿನ ಪರದೆಯ ತುಂಬ ಚಿಲಕವೊಂದೇ ಕಾಣಿಸುತ್ತದೆ. ಅದರ ಮೇಲೆ ಹಸಿರು ಬಳೆಯ ಒಂದು ಕೈ ಬರುತ್ತದೆ. ಅದು ಅಕ್ಕನ ಕೈಯೋ ತಂಗಿಯ ಕೈಯೋ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಪಾರಕ್ಕ ‘ಏಳ, ಬಸ್ ಹೋಗತೈತಿ’ ಎಂದು ನನ್ನ ರಟ್ಟೆ ಹಿಡಿದು ಎಬ್ಬಿಸಿದಳು.

ಅವತ್ತು ಬಸ್ಸಿನಲ್ಲಿ ದೊಡ್ಡ ರಣರಂಗವೇ ಆಯಿತು. ಗಂಡಸರೆಲ್ಲ ತಂಗಿಯೇ ತೆಗೆಯಬೇಕು ಎಂದರು. ಸಣ್ಣವಳು ಬಗ್ಗಬೇಕಂತೆ. ಪಾರಕ್ಕ ಎದ್ದು ನಿಂತು, ಸೀಟಿನ ಬೆನ್ನು ಹಿಡಿದುಕೊಂಡು, ‘ಇಲ್ಲ, ಅಕ್ಕನ ತಗೀತಾಳ’ ಎಂದಳು. ಕೆರಿಯಪ್ಪಣ್ಣ ತಲೆ ತುರಿಸಿಕೊಂಡು ತೀರ್ಪು ಕೊಟ್ಟ. ‘ಪಾರೋತವ್ವ ಹೇಳ್ದಾಂಗೇ ಆಗ್ಲಿ. ದೊಡ್ಡೋರು ಅನ್ಸ್ಕಂಡ ಮ್ಯಾಲೆ ಮುಂದೆ ಬರ್ಬೇಕಪ. ಇಲ್ದಿದ್ರೆ ದೊಡ್ಡೋರಾದ್ದು ಎಂತಕ್ಕೆ?’ ಆಗ ಪಾರಕ್ಕ ಕೂತುಕೊಂಡು ನನ್ನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಹೇಳಿದಳು. ‘ದೇವಿ, ನಾಳೆ ನಾವಿಬ್ರೂ ಜಗಳಾಡಿದ್ರ ನಾನ ಮೊದಲ ಬರ್ತೇನಿ. ನೀ ಏನೂ ಚಿಂತಿ ಮಾಡಬ್ಯಾಡ.’

ಈ ಮಾತನ್ನು ನಾನು ಮರೆತಿಲ್ಲ. ಮರೆತಿದ್ದರೆ ಚೆನ್ನಾಗಿತ್ತು.

ಪಾರಕ್ಕನನ್ನು ಯಲ್ಲಾಪುರದ ಆಚೆ ಕಿರವತ್ತಿಗೆ ಕೊಟ್ಟರು. ಅವಳ ಗಂಡನ ಮನೆಯವರದು ಹೈವೇ ಪಕ್ಕ ಖಾನಾವಳಿ. ನನ್ನನ್ನು ಇದೇ ಊರಲ್ಲಿ ಬಸಪ್ಪನವರಿಗೆ ಕೊಟ್ಟರು. ಹನ್ನೊಂದು ವರ್ಷದ ಹಿಂದೆ ಪಾರಕ್ಕನ ಮಗಳು ಶಿಲ್ಪಾಳ ಮದುವೆ ಬಂತು. ನಮ್ಮಲ್ಲಿ ಒಡಹುಟ್ಟಿದವರನ್ನು ಮದುವೆಗೆ ಕರೆಯಬೇಕೆಂದರೆ ಮನೆಗೆ ಬರಬೇಕು, ಹಣೆಗೆ ಕುಂಕುಮ ಹಚ್ಚಬೇಕು, ‘ಮುಂದ ನಿಂತು ಮಾಡಿಕೊಡ್ರಿ’ ಎನ್ನಬೇಕು. ನಾನು ಹೊಸ ಸೀರೆ ಉಟ್ಟು, ಹೋಳಿಗೆಗೆ ಬೇಳೆ ನೆನೆಹಾಕಿ ಕಾದೆ. ಬಂದದ್ದು ಬಸ್ಸಿನಲ್ಲಿ ಒಂದು ಕಾರ್ಡು. ಯಾರೋ ಹೊಸ ಕಂಡಕ್ಟರು ಅಂಗಡಿಯ ಕಟ್ಟೆಯ ಮೇಲೆ ಸಾಬೂನಿನ ಪೆಟ್ಟಿಗೆಯ ಜೊತೆ ಅದನ್ನೂ ಇಟ್ಟು ಹೋದ. ಸ್ವಂತ ಅಕ್ಕ, ಪಾರ್ಸಲ್ಲಿನ ಜೊತೆ ಮದುವೆಗೆ ಕರೆದಳು! ನನ್ನ ಮೈಯೆಲ್ಲ ಉರಿದುಹೋಯಿತು. ಮರುದಿನ ಎರಡು ಸಲ ಫೋನು ಬಡಿದುಕೊಂಡಿತು, ಎತ್ತಲಿಲ್ಲ. ಮದುವೆಗೂ ಹೋಗಲಿಲ್ಲ. ‘ಬೆನ್ನಿಗೆ ಬಿದ್ದಾಕಿ ನನ್ನ ಮಗಳ ಮ್ಯಾಲೆ ನಾಕು ಅಕ್ಕಿಕಾಳು ಹಾಕಾಕ ಬರಲಿಲ್ಲ’ ಎಂದು ಪಾರಕ್ಕ ಅತ್ತಳೆಂದು ಯಾರೋ ಹೇಳಿದರು. ಅತ್ತರೆ ಬರಬೇಕಿತ್ತಲ್ಲ? ಮೊದಲು ಬರುತ್ತೇನೆ ಎಂದವಳು ತಾನೇ? ಹಬ್ಬ ಬಂದಾಗೆಲ್ಲ ಸಂಜೆಯ ಬಸ್ಸಿನ ಹೊತ್ತಿಗೆ ನಾನು ಅಂಗಡಿಯ ಕಟ್ಟೆಗೆ ಬಂದು ಕೂರುತ್ತಿದ್ದೆ. ಗಾಳಿಗೆ ಕೂತಿದ್ದೇನೆ ಎನ್ನುತ್ತಿದ್ದೆ.

ಆ ವಾಟ್ಸಾಪ್ ಗ್ರೂಪಿಗೆ ಶಿಲ್ಪಾ ತನ್ನ ತಾಯಿಯನ್ನೂ ಸೇರಿಸಿದ್ದಾಳೆ. ಪಾರಕ್ಕ ಅಲ್ಲಿ ಇಂದಿನವರೆಗೆ ಒಂದು ಮಾತಾಡಿಲ್ಲ, ಒಂದು ಹೂವನ್ನೂ ಹಾಕಿಲ್ಲ. ಆದರೆ ಕಳಿಸಿದ ಮಾತನ್ನು ಯಾರು ಯಾರು ಕೇಳಿದರು ಎಂದು ನೋಡುವುದನ್ನು ಸ್ಫೂರ್ತಿ ನನಗೆ ಕಲಿಸಿಕೊಟ್ಟಿದ್ದಾಳೆ. ಪ್ರತಿ ಸಲ ಮೊದಲು ಕೇಳಿದವಳು ಪಾರಕ್ಕ. ನಾನು ಟ್ರೇಲರ್ ನೋಡಿ ಯಾರಿಗಾಗಿ ಅಷ್ಟು ಮಾತಾಡುತ್ತೇನೆ ಎಂದು ಈಗ ನಿಮಗೂ ಗೊತ್ತಾಗಿರಬೇಕು. ಗೊತ್ತಾದರೆ ಆಗಲಿ.

ಸಂಕ್ರಾಂತಿ ಕಳೆದು ಒಂದು ವಾರವಾಗಿತ್ತು. ಮಧ್ಯಾಹ್ನ ಸ್ಫೂರ್ತಿ ಫೋನನ್ನು ಎಣ್ಣೆ ಡಬ್ಬಕ್ಕೆ ಆನಿಸಿಟ್ಟು, ‘ಅತ್ತಿ, ಇದನ್ನೊಂದು ನೋಡ್ರಿ. ಹಳೇ ಸಿನಿಮಾ. ಇದರ ರೀಲೇ ಕಳಕೊಂಡಿದ್ರಂತ. ಯಾವುದೋ ಗೋಡೌನಿನ್ಯಾಗ ಸಿಕ್ಕು, ತೊಳದು ಹಸನ ಮಾಡಿ ಮತ್ತ ಬಿಡಾಕತ್ತಾರ’ ಎಂದಳು.

‘ಹಿತ್ತಲ ಬಾಗಿಲು’! ಅದೇ ಹಿತ್ತಲು, ಅದೇ ಗೋಡೆ, ಅದೇ ತುಳಸಿಕಟ್ಟೆ. ತೊಳೆದದ್ದು ಸ್ವಲ್ಪ ಜಾಸ್ತಿಯೇ ಆಗಿತ್ತು. ನಾನು ನೋಡಿದಾಗ ಅಕ್ಕನ ಸೀರೆಗೆ ಅಷ್ಟು ಬಣ್ಣವಿರಲಿಲ್ಲ. ಹಿಂದೆ ಹೊಸದಾಗಿ ಢಂ ಢಂ ಎಂಬ ಸದ್ದು ಬೇರೆ ಸೇರಿಸಿದ್ದರು, ಇಬ್ಬರು ಹೆಂಗಸರು ಸಾರು ಕೊಟ್ಟುಕೊಳ್ಳುವುದಕ್ಕೆ ಯುದ್ಧದ ನಗಾರಿ ಯಾಕೆ ಬೇಕೋ! ಚಿಲಕ ಕಂಡಿತು. ಕೈ ಬಂತು. ಹಸಿರು ಬಳೆ. ನಾನು ಹೆಬ್ಬೆರಳು ಹಾಕಿ ನಿಲ್ಲಿಸಿಬಿಟ್ಟೆ.

‘ಅತ್ತಿ, ಇನ್ನೊಂದು ಚೂರು ಐತಿ.’

‘ಇರಲಿ.’

ಅವತ್ತು ಗ್ರೂಪಿಗೆ ನಾನು ಏನನ್ನೂ ಕಳಿಸಲಿಲ್ಲ. ಮೈಕಿನ ಗುರುತು ಒತ್ತಿ ಹಿಡಿದವಳು ಹಾಗೇ ಬಿಟ್ಟು ಫೋನನ್ನು ಬೋರಲು ಹಾಕಿದೆ.

ರಾತ್ರಿ ಊಟಕ್ಕೆ ಬಡಿಸುವಾಗ ಬಸಪ್ಪನವರಿಗೆ ಹೇಳಿದೆ, ನಾನು ಸಿರಸಿಗೆ ಹೋಗಿ ಈ ಸಿನಿಮಾವನ್ನು ಕೊನೆಯವರೆಗೆ ನೋಡುತ್ತೇನೆ ಎಂದು. ಅಕ್ಕ ಬಾಗಿಲು ತೆಗೆದಿದ್ದರೆ ನಾನು ಕಾದದ್ದು ಸರಿ, ಸಾಯುವವರೆಗೂ ಕಾಯುತ್ತೇನೆ. ತಂಗಿ ತೆಗೆದಿದ್ದರೆ ಮರುದಿನವೇ ಕಿರವತ್ತಿಯ ಬಸ್ಸು ಹತ್ತುತ್ತೇನೆ.

ಅವರು ತುತ್ತನ್ನು ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು. ‘ಸಿನಿಮಾ ಅಂದ್ರ ಹೈಕೋರ್ಟ್ ಅಂತ ತಿಳ್ಕೊಂಡಿ ಏನ? ಹೋಗೂದಿದ್ರ ಹೋಗಿ ಬಾ, ನಿಮ್ಮ ಅಕ್ಕ. ಅದಕ್ಕೊಂದು ಟಿಕೀಟ್ ಯಾಕ?’

‘ನಿಮಗ ತಿಳಿಯೂದಿಲ್ಲ, ಸುಮ್ನ ಉಣ್ರಿ.’

ಅವರಿಗೆ ನಿಜವಾಗಿಯೂ ತಿಳಿಯುವುದಿಲ್ಲ. ಸುಮ್ಮನೆ ಹೋಗಿ ನಿಂತರೆ ನಾನು ಸೋತ ಹಾಗೆ. ಸಿನಿಮಾವೇ ಹೇಳಿತು ಎಂದರೆ ಯಾರೂ ಸೋತ ಹಾಗಲ್ಲ. ಆದರೂ ಮಲಗಿಕೊಂಡಾಗ ಹೆದರಿಕೆಯಾಯಿತು. ಅಕ್ಕನೇ ತೆಗೆದಿದ್ದರೆ ಏನು ಗತಿ? ಅವಳು ಬರದೇ ಹೋದರೆ? ಕಾದು ಕಾದು ನನಗೂ ಅರವತ್ತು ಹತ್ತಿರ ಬಂತು, ಅವಳಿಗೆ ದಾಟಿತು. ಬಾಗಿಲು ತಂಗಿಯೇ ತೆಗೆದಿರಲಿ ದೇವರೇ ಎಂದು ಮೊದಲ ಬಾರಿಗೆ ಬೇಡಿಕೊಂಡೆ.

ಶುಕ್ರವಾರ ಬಿಡುಗಡೆ. ನಾನು ಶುಕ್ರವಾರವೇ ಹೊರಡುತ್ತೇನೆ ಎಂದರೆ ಸ್ಫೂರ್ತಿ ಬಿಡಲಿಲ್ಲ. ‘ಭಾನುವಾರ ಹೋಗೂಣು ಅತ್ತಿ, ಭಾನುವಾರನ ಛಲೋ’ ಎಂದು ಹಟ ಹಿಡಿದಳು. ನನ್ನ ಮಗ ಶರಣ ಕಾರಿನಲ್ಲಿ ಬಿಡುತ್ತೇನೆ ಎಂದ. ಬೇಡ ಎಂದೆ. ಆ ಸಿನಿಮಾಕ್ಕೆ ಬಸ್ಸಿನಲ್ಲೇ ಹೋಗಬೇಕು.

ಬಸ್ಸು ತಡವಾಯಿತು. ನಾವು ಒಳಗೆ ಹೋಗುವಷ್ಟರಲ್ಲಿ ದೀಪ ಆರಿತ್ತು. ಥಿಯೇಟರಿನ ಒಳಗೆಲ್ಲ ಹೊಸದು ಮಾಡಿದ್ದಾರೆ. ಕುರ್ಚಿ ಹಿಂದಕ್ಕೆ ಬಾಗುತ್ತದೆ, ತಿಗಣೆ ಇಲ್ಲ, ಶೇಂಗಾ ಸಿಪ್ಪೆ ಇಲ್ಲ, ಆ ವಾಸನೆಯೂ ಇಲ್ಲ. ಆದರೆ ಬಾಗಿಲು ಇದ್ದಲ್ಲೇ ಇದೆ. ನಾನು ಅದರ ಹತ್ತಿರದ ಅಂಚಿನ ಕುರ್ಚಿಯಲ್ಲಿ ಕೂತೆ. ಸ್ಫೂರ್ತಿ ನಡುವಿಗೆ ಹೋಗೋಣ ಎಂದಳು, ಕೇಳಲಿಲ್ಲ.

ಸಿನಿಮಾ ಶುರುವಾಯಿತು. ಏನು ಹೇಳಲಿ! ಮೊದಲ ಹಾಡಿಗೇ ನನ್ನ ಕಣ್ಣು ತುಂಬಿ ಬಂತು. ನಟಿ ಕೂದಲು ಬಾಚಿಕೊಂಡ ರೀತಿಯಲ್ಲೇ ನಾವಿಬ್ಬರೂ ಒಂದು ವರ್ಷ ಬಾಚಿಕೊಂಡಿದ್ದೆವು. ಅಂಥ ಬಾಚಣಿಕೆಗಾಗಿ ಪಾರಕ್ಕ ಜಾತ್ರೆಯಲ್ಲಿ ಹಟ ಮಾಡಿದ್ದಳು. ಸ್ಫೂರ್ತಿಗೆ ಇದೆಲ್ಲ ನಿಧಾನವೆನಿಸಿರಬೇಕು, ಮೊದಲರ್ಧ ಪಾಪ್‌ಕಾರ್ನ್ ತಿನ್ನುತ್ತಲೇ ಇದ್ದಳು. ಆಮೇಲೆ ಅವಳ ಕೈ ನಿಂತಿತು. ಎರಡು ಸಾಲು ಮುಂದೆ, ನನ್ನ ಹಾಗೆಯೇ ಅಂಚಿಗೆ, ತಲೆಯ ಮೇಲೆ ಸೆರಗು ಹೊದ್ದ ಯಾರೋ ಹೆಂಗಸು ಕೂತಿದ್ದಳು. ದುಃಖದ ಮಾತು ಬಂದಾಗಲೆಲ್ಲ ಅವಳು ಲೊಚ್ ಲೊಚ್ ಎಂದು ಲೊಚಗುಟ್ಟುತ್ತಿದ್ದಳು. ನನಗೆ ಮಾತೇ ಕೇಳಿಸದ ಹಾಗಾಗಿ ಸಿಟ್ಟು ನೆತ್ತಿಗೇರಿತು. ಇಂಥವರನ್ನು ಮನೆಯವರು ಹೊರಗೆ ಯಾಕೆ ಬಿಡುತ್ತಾರೋ ಎಂದುಕೊಂಡೆ. ಇಂಟರ್ವಲ್ಲಿನಲ್ಲಿ ಅವಳೂ ಏಳಲಿಲ್ಲ, ನಾನೂ ಏಳಲಿಲ್ಲ.

ಜಗಳವಾಯಿತು. ಬಾಗಿಲು ಮುಚ್ಚಿತು. ವರ್ಷಗಳು ಹೋದವು. ಪರದೆಯ ತುಂಬ ಚಿಲಕ ಬಂತು. ಅದರ ಮೇಲೆ ಹಸಿರು ಬಳೆಯ ಕೈ ಬಂತು.

ನಾನು ಎದ್ದು ನಿಂತೆ.

ಏಳಬೇಕೆಂದು ಎದ್ದದ್ದಲ್ಲ. ಕೊನೆಯವರೆಗೆ ನೋಡುತ್ತೇನೆ ಎಂದು ಗಂಡನ ಮುಂದೆ ಶಪಥ ಮಾಡಿ ಬಂದವಳು ನಾನು. ಈಗ ಸಂಜೆ ಬಸ್ಸಿಗೇನೂ ಬರವಿಲ್ಲ. ಆದರೆ ನನ್ನ ಕಾಲಿಗೆ ಅದನ್ನು ಯಾರು ಹೇಳಿದ್ದರು? ಕೈ ತಾನಾಗಿ ಚೀಲ ಹಿಡಿದಿತ್ತು, ಕಾಲು ಕತ್ತಲಲ್ಲಿ ಚಪ್ಪಲಿ ಹುಡುಕುತ್ತಿತ್ತು. ಥಿಯೇಟರಿನಲ್ಲಿ ಕೂತ ಜನರೆಲ್ಲ ಉಸಿರು ಹಿಡಿದು ಪರದೆಯನ್ನೇ ನೋಡುತ್ತಿದ್ದರು. ಅಂಥ ಹೊತ್ತಿನಲ್ಲಿ ಯಾವ ಹುಚ್ಚರೂ ಏಳುವುದಿಲ್ಲ. ಆದರೆ ಎರಡು ಸಾಲು ಮುಂದಿನ ಆ ಹೆಂಗಸೂ ಎದ್ದು ನಿಂತಿದ್ದಳು. ಅವಳೂ ಬಗ್ಗಿ ಚಪ್ಪಲಿ ಹುಡುಕುತ್ತಿದ್ದಳು. ಸೆರಗು ಜಾರಿತು. ಪರದೆಯ ಬೆಳಕು ಅವಳ ಮುಖದ ಮೇಲೆ ಬಿತ್ತು.

ಪಾರಕ್ಕ.

ಅವಳೂ ನನ್ನನ್ನು ನೋಡಿದಳು. ಇಬ್ಬರೂ ಹಾಗೇ ನಿಂತೆವು. ಹಿಂದಿನಿಂದ ಯಾರೋ ‘ಕೂತ್ಕಳಿ ಅಮ್ಮಾ’ ಎಂದು ಕೂಗಿದರು. ಪಾರಕ್ಕ ಎರಡು ಸಾಲು ಹಿಂದೆ ಬಂದು ನನ್ನ ರಟ್ಟೆ ಹಿಡಿದಳು.

‘ನಡಿ ದೇವಿ, ಬಸ್ ಹೋಗತೈತಿ.’

ಹನ್ನೊಂದು ವರ್ಷದ ಮೇಲೆ ಅವಳು ನನಗೆ ಹೇಳಿದ ಮೊದಲ ಮಾತು ಇದು. ನಾನು ಸ್ಫೂರ್ತಿಯ ಕಡೆ ನೋಡಿದೆ. ಅವಳು ನಮ್ಮನ್ನೂ ಪರದೆಯನ್ನೂ ಒಂದೊಂದು ಸಲ ನೋಡಿ, ‘ನೀವ್ ಹೋಗ್ರಿ, ನಾ ಮುಗಿಸ್ಕೊಂಡ ಬರ್ತೇನಿ’ ಎಂದು ಕೈಸನ್ನೆ ಮಾಡಿದಳು. ನಾವಿಬ್ಬರೂ ಓಡಿದೆವು. ಮೊಣಕಾಲು ನೋವಿನ ಇಬ್ಬರು ಮುದುಕಿಯರು ಸಿರಸಿಯ ಪೇಟೆಯಲ್ಲಿ, ಹಾಡಹಗಲೇ, ಹಿಂದೆ ಯಾರೂ ಅಟ್ಟಿಸಿಕೊಂಡು ಬಾರದಿದ್ದರೂ ಕೈ ಕೈ ಹಿಡಿದುಕೊಂಡು ಓಡಿದೆವು.

ಬನವಾಸಿಯ ಬಸ್ಸು ನಿಂತಿತ್ತು. ಹತ್ತಿ ಕೂತು ಏದುಸಿರು ಬಿಡುತ್ತಿರುವಾಗ ಕಂಡಕ್ಟರು ಬಂದಳು. ಈಗಿನ ಕಂಡಕ್ಟರು ಹೆಂಗಸು, ಚುರುಕಾಗಿದ್ದಾಳೆ. ಆಧಾರ್ ಕಾರ್ಡು ತೋರಿಸಿ ಎಂದಳು, ಎಲ್ಲಿಗೆ ಎಂದು ಕೇಳಿದ್ದು ಪಾರಕ್ಕನನ್ನು. ಕಿರವತ್ತಿ ಇರುವುದು ಪೂರ್ತಿ ಬೇರೆ ದಿಕ್ಕಿನಲ್ಲಿ. ಓಡುವ ಭರದಲ್ಲಿ ಹತ್ತಿದವಳು ಈಗ ಇಳಿದುಬಿಟ್ಟರೆ? ನಾನು ಬಾ ಎಂದಿರಲಿಲ್ಲ. ಬಾ ಎನ್ನಲು ಬಾಯಿ ತೆರೆದೆ.

‘ಎರಡು ಬನವಾಸಿ ಕೊಡ್ರಿ’ ಎಂದಳು ಪಾರಕ್ಕ. ಹಿಂದೆಯೂ ಹೀಗೆಯೇ ಕೇಳುತ್ತಿದ್ದಳು, ಇಬ್ಬರದನ್ನೂ ಅವಳೇ. ನನಗೆ ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಇಟ್ಟುಕೊಂಡು ಅತ್ತುಬಿಟ್ಟೆ.

‘ಅಳಬ್ಯಾಡ, ಜನ ನೋಡ್ತಾರ’ ಎನ್ನುತ್ತ ಅವಳೂ ಅತ್ತಳು.

ಬಸ್ಸು ಪೇಟೆ ದಾಟಿದ ಮೇಲೆ ನಾನು ಮೂಗು ಒರೆಸಿಕೊಂಡು ಕೇಳಿಯೇ ಬಿಟ್ಟೆ. ಹೊಟ್ಟೆಯಲ್ಲಿ ಇಟ್ಟುಕೊಳ್ಳುವವಳಲ್ಲ ನಾನು. ‘ಕಾರ್ಡ್ ಯಾಕ ಬಸ್ಸಿನ್ಯಾಗ ಕಳಿಸಿದಿ?’

‘ಇದ ಸಿರಸಿ ಬಸ್ ಸ್ಟ್ಯಾಂಡಿಗೆ ಬಂದಿದ್ನಲ್ಲ ನಾನು. ನಿಮ್ಮ ಊರಿನ ಬಸ್ ಹತ್ತಿ ಕುಂತಿದ್ನಿ, ಕುಂಕುಮ ಉಡಿಯಾಗ ಇತ್ತು. ನಮ್ಮವರಿಗೆ ಎದಿನೋವು ಅಂತ ಫೋನ್ ಬಂತು. ಕಂಡಕ್ಟರ್ ಕೈಯಾಗ ಕಾರ್ಡು, ಕುಂಕುಮದ ಪುಡಿಕಿ ಎರಡೂ ಕೊಟ್ಟು ಇಳದು ಓಡಿದ್ನಿ.’

‘ಕುಂಕುಮ ಬರಲೇ ಇಲ್ಲ.’

‘ಬರಲಿಲ್ಲ? ಅಯ್ಯ ಶಿವನ!’

‘ಹೇಳಬೇಕಿಲ್ಲೇನು?’

‘ಮರುದಿನ ಎರಡ್ ಸಲ ಮಾಡಿದ್ನಿ. ನೀ ಎತ್ತಲಿಲ್ಲ.’

ಕಿಟಕಿಯ ಹೊರಗೆ ಅನಾನಸಿನ ಹೊಲಗಳನ್ನು ನೋಡಿದೆ. ‘ಮತ್ತ ಮೊದಲ ನಾನ ಬರ್ತೇನಿ ಅಂದಾಕಿ ಯಾಕ ಬರಲಿಲ್ಲ?’ ಎಂದೆ ಕೊನೆಗೆ.

‘ಮದುವಿಗೆ ನೀ ಬರಲಿಲ್ಲ ಅಂತ ಸಿಟ್ಟು. ಸಿಟ್ಟಿಳದ ಮ್ಯಾಲೆ ಅಂಜಿಕಿ, ಬಾಗಿಲದಾಗ ನಿಂತಾಗ ನೀ ಮಾತಾಡಲಿಲ್ಲ ಅಂದ್ರ ಹ್ಯಾಂಗ ಅಂತ. ಈ ಸಿನಿಮಾ ಪೂರ್ತಿ ನೋಡ್ತೇನಿ, ಅಕ್ಕನ ತಗದಿದ್ರ ಹೋಗೇಬಿಡ್ತೇನಿ ಅಂತ ಬಂದಿದ್ನಿ. ಶಿಲ್ಪಾ ಭಾನುವಾರನ ಹೋಗು ಅಂತ ಬೆನ್ನು ಹತ್ತಿದ್ಲು.’

‘ಸ್ಫೂರ್ತಿನೂ ಭಾನುವಾರನ ಅಂದ್ಲು.’

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಈಗಿನ ಹುಡುಗಿಯರು ಸಾಮಾನ್ಯರಲ್ಲ. ಪಾರಕ್ಕ ಕಣ್ಣು ಒರೆಸಿಕೊಳ್ಳುತ್ತ ನಕ್ಕಳು. ‘ಹೋಗ್ಲಿ ಬಿಡು. ನೀ ದಿನಾ ಮಾತಾಡಿ ಕಳಸ್ತಿದ್ದಿ, ನಾ ರೊಟ್ಟಿ ಬಡಕೋತ ಕೇಳ್ತಿದ್ನಿ. ಮೊನ್ನೆ ಆ ಗಡ್ಡದಾವನ ಸಿನಿಮಾಕ್ಕ, ತಾಯಿ ದಿವಸದ ಊಟ ಅಂದೆಲ್ಲ, ಗಿರಾಕಿ ಮುಂದನ ನಕ್ಕಬಿಟ್ನಿ. ಲಾರಿ ಡ್ರೈವರ್ ಒಬ್ಬಾವ ನನಗ ನಗಾಕತ್ತಾಳ ಅಂತ ಎದ್ದ ಹೋದ.’

‘ನಕ್ಕದ್ದಕ್ಕ ಒಂದು ನಗೂ ಮುಖ ಹಾಕಾಕ ಏನಾಗಿತ್ತು ನಿನಗ?’

‘ಅದನ್ನ ಹಾಕಾಕ ಬರೂದಿಲ್ಲ ನನಗ’ ಎಂದಳು ಪಾರಕ್ಕ.

ಮತ್ತೆ ಸಿನಿಮಾದ ಮಾತು ಬಂತು. ಬರದೆ ಹೇಗಿದ್ದೀತು? ಪಾರಕ್ಕ ಅಕ್ಕನೇ ತೆಗೆದಿರಬೇಕು ಎಂದಳು. ಇಷ್ಟು ವರ್ಷ ಅದನ್ನೇ ಹಿಡಿದುಕೊಂಡು ಕೂತಿದ್ದ ನಾನು ‘ಇಲ್ಲ, ತಂಗಿನ’ ಎಂದೆ. ದನಿ ಏರಿತು. ಕಿವಿಗೆ ವೈರು ಸಿಕ್ಕಿಸಿಕೊಂಡಿದ್ದವರೊಬ್ಬರು ತೆಗೆದು ನಮ್ಮ ಕಡೆ ತಿರುಗಿದರು. ಹಿಂದಿನ ಸೀಟಿನ ಅಜ್ಜ ‘ಏನ್ ಸಿನಿಮಾರೀ?’ ಎಂದು ಕೇಳಿ, ಕತೆ ಹೇಳಿಸಿಕೊಂಡು, ಸಣ್ಣವರೇ ತಗ್ಗಬೇಕು ಎಂದು ಶುರು ಮಾಡಿದ. ಅವನನ್ನು ನಾವಿಬ್ಬರೂ ಸೇರಿ ಬಾಯಿ ಮುಚ್ಚಿಸಿದೆವು. ಅರ್ಧ ಬಸ್ಸು ಎರಡು ಪಾಲಾಯಿತು. ಕಂಡಕ್ಟರು ಟಿಕೆಟ್ ಮೆಷಿನ್ ಹಿಡಿದುಕೊಂಡು ಎಲ್ಲ ಕೇಳುತ್ತ ನಿಂತಿದ್ದವಳು, ನಡುವಿನ ಕಂಬಿಗೆ ಒರಗಿ, ‘ಅಮ್ಮಾ, ಬಾಗಿಲು ತೆಗೆಯೋದೇನು ದೊಡ್ಡ ಕೆಲಸ? ತೆಗೆದು ಒಳಗೆ ಹೋದಮೇಲೆ ಚಾ ಮಾಡೋರು ಯಾರು, ಅದನ್ನ ಹೇಳಿ’ ಎಂದಳು.

ಬಸ್ಸೆಲ್ಲ ನಕ್ಕಿತು. ಕೆರಿಯಪ್ಪಣ್ಣ ತೀರಿಕೊಂಡು ಎಷ್ಟೋ ವರ್ಷವಾಯಿತು. ಅವನು ಇದ್ದಿದ್ದರೆ ಇಷ್ಟು ಚೆಂದದ ತೀರ್ಪು ಕೊಡುತ್ತಿದ್ದನೋ ಇಲ್ಲವೋ. ಅಕ್ಕ ಬಾಗಿಲು ತೆಗೆದಳು, ತಂಗಿ ಚಹಾ ಮಾಡಿದಳು ಎಂದು ಬನವಾಸಿ ಬರುವುದರೊಳಗೆ ಎಲ್ಲರೂ ಒಪ್ಪಿದರು.

ಅಂಗಡಿಯ ಮುಂದೆ ಬಸಪ್ಪನವರು ನಮ್ಮಿಬ್ಬರನ್ನು ನೋಡಿ ತಕ್ಕಡಿಯನ್ನು ಹಾಗೇ ಬಿಟ್ಟು ಎದ್ದು ನಿಂತರು. ‘ಹೈಕೋರ್ಟ್ ಏನಂತು?’ ಎಂದರು. ನಾನು ಚಪ್ಪಲಿ ಬಿಡುವಷ್ಟರಲ್ಲಿ ಪಾರಕ್ಕ ಮುಂದೆ ಹೋಗಿ ಮನೆಯ ಬಾಗಿಲು ತಳ್ಳಿ ತೆಗೆದಳು. ನಾನು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆ.

ದೀಪ ಹಚ್ಚುವ ಹೊತ್ತಿಗೆ ಸ್ಫೂರ್ತಿ ಮುಂದಿನ ಬಸ್ಸಿಗೆ ಬಂದಳು. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು. ನಾವಿಬ್ಬರೂ ಅಡಿಗೆ ಮನೆಯ ಕಟ್ಟೆಯ ಹತ್ತಿರ ಕೂತು ಎರಡನೆಯ ಸಲ ಚಹಾ ಕುಡಿಯುತ್ತಿದ್ದೆವು. ಅವಳು ಬಾಗಿಲಲ್ಲೇ ನಿಂತು ನಮ್ಮನ್ನು ನೋಡಿದಳು.

‘ಅತ್ತಿ, ಕಡೀಕ ಏನಾತು ಗೊತ್ತೇನ್ರಿ? ಹೇಳ್ಲೇನು?’

‘ಬ್ಯಾಡ’ ಎಂದೆವು ನಾವು, ಇಬ್ಬರೂ ಒಟ್ಟಿಗೆ.